ಅಭ್ಯಾಸದಲ್ಲಿ ಚೆನ್ನಾಗಿ ಓಡುವ ಹುಡುಗಿ ದೊಡ್ಡ ಕೂಟದಲ್ಲಿ ಕುಸಿಯುತ್ತಾಳೆ: ಮನಸ್ಸನ್ನು ಗಟ್ಟಿಗೊಳಿಸುವುದು ಹೇಗೆ?

ಪ್ರಶ್ನೆ: ದೈಹಿಕ ಶಿಕ್ಷಣ ಶಿಕ್ಷಕ, ಜಮಖಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷವೂ ಈ ವರ್ಷವೂ 3000 ಮೀಟರ್ ಓಟದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಮೊದಲ ಸ್ಥಾನ ಪಡೆದಳು. ಆದರೆ ಎರಡು ವರ್ಷವೂ ಬೆಳಗಾವಿ ವಿಭಾಗ ಮಟ್ಟದ ಕೂಟದಲ್ಲಿ ಹಿಂದೆ ಬಿದ್ದಳು. ಮೊದಲ ಎರಡು ಸುತ್ತುಗಳಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಾಳೆ, ನಾಲ್ಕನೆಯ ಸುತ್ತಿಗೆ ಉಸಿರು ಸಾಲದಾಗುತ್ತದೆ, ಕೊನೆಗೆ ಅಭ್ಯಾಸದಲ್ಲಿ ತೆಗೆದುಕೊಳ್ಳುವ ಸಮಯಕ್ಕಿಂತ ಬಹಳ ತಡವಾಗಿ ಗುರಿ ಮುಟ್ಟುತ್ತಾಳೆ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ, ಕೈಗಳು ತಣ್ಣಗಾಗುತ್ತವೆ ಎಂದು ಅವಳೇ ಹೇಳಿದ್ದಾಳೆ.

ನಮ್ಮ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದ 200 ಮೀಟರ್‌ನ ಟ್ರ್ಯಾಕ್ ಮಾತ್ರ ಇದೆ. ಹುಡುಗಿಗೆ ಸಲುಗೆ ಹೆಚ್ಚಾಯಿತು, ಗದರಿಸಿ ಗಟ್ಟಿ ಮಾಡಬೇಕು ಎಂದು ಅವಳ ತಂದೆಯೂ ಕೆಲವು ಸಹೋದ್ಯೋಗಿಗಳೂ ಹೇಳುತ್ತಾರೆ. ಗದರಿಕೆಯಿಂದ ಅಂಜಿಕೆ ಹೋಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಆದರೆ ಗದರಿಸದೆ ಮಾಡಬೇಕಾದದ್ದು ಏನು, ಪ್ರತಿದಿನದ ತರಬೇತಿಯಲ್ಲಿ ಅದನ್ನು ಹೇಗೆ ಸೇರಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ. ಮುಂದಿನ ವರ್ಷ ಅವಳು ಹತ್ತನೆಯ ತರಗತಿ. ಪರೀಕ್ಷೆಯ ಕಾರಣ ಹೇಳಿ ಮನೆಯವರು ಓಟವನ್ನೇ ಬಿಡಿಸಿಯಾರು ಎಂಬ ಆತಂಕವೂ ನನಗಿದೆ.

ಉತ್ತರ 1: ಮಾಜಿ ಓಟಗಾರ, ಈಗ ತರಬೇತುದಾರ, ವಿಜಯಪುರ

ಸರ್, ನೀವು ಬರೆದದ್ದರಲ್ಲಿ ಅಂಜಿಕೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 200 ಮೀಟರ್‌ನ ಟ್ರ್ಯಾಕ್. ನಿಮ್ಮ ಮೈದಾನದಲ್ಲಿ ಅವಳು ಹದಿನೈದು ಸುತ್ತು ಓಡುತ್ತಾಳೆ, ವಿಭಾಗದ ಕೂಟದ 400 ಮೀಟರ್ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು ಓಡಬೇಕು. ತಿರುವುಗಳು ಬೇರೆ, ನೆಲ ಬೇರೆ, ಎಷ್ಟು ದೂರ ಮುಗಿಯಿತು ಎಂದು ದೇಹ ಇಟ್ಟುಕೊಂಡಿರುವ ಲೆಕ್ಕವೂ ಬೇರೆ. ಅದರ ಜೊತೆಗೆ ಎದೆ ಬಡಿತ ಏರಿರುವಾಗ ವೇಗದ ಓಟವೂ ಮೊದಲ ಒಂದೆರಡು ನಿಮಿಷ ಹಗುರವಾಗಿಯೇ ತೋರುತ್ತದೆ. ತಾನು ಮಿತಿ ಮೀರಿ ಓಡುತ್ತಿದ್ದೇನೆ ಎಂಬುದು ಮಗುವಿಗೆ ಗೊತ್ತಾಗುವಷ್ಟರಲ್ಲಿ ಕಾಲು ಭಾರವಾಗಿರುತ್ತವೆ. ಇದನ್ನು ಧೈರ್ಯದ ಕೊರತೆ ಎಂದು ಕರೆದರೆ ಅವಳಿಗೆ ಅನ್ಯಾಯವಾಗುತ್ತದೆ. ವೇಗದ ಅರಿವನ್ನು ಒತ್ತಡದ ನಡುವೆಯೂ ಉಳಿಸಿಕೊಳ್ಳುವುದು ಕಲಿಯಬೇಕಾದ ಒಂದು ಕೌಶಲ, ಅದನ್ನು ಯಾರಾದರೂ ಕಲಿಸಬೇಕು.

ಅವಳ ಗುರಿ 12 ನಿಮಿಷ ಎಂದಿಟ್ಟುಕೊಳ್ಳೋಣ. ಆಗ 400 ಮೀಟರ್‌ನ ಪ್ರತಿ ಸುತ್ತಿಗೆ 96 ಸೆಕೆಂಡು, ನಿಮ್ಮ ಮೈದಾನದ ಸುತ್ತಿಗೆ 48 ಸೆಕೆಂಡು ಬರುತ್ತದೆ. ಕೂಟದಲ್ಲಿ ಅವಳು ಮೊದಲ ಸುತ್ತನ್ನು 84 ಸೆಕೆಂಡಿನಲ್ಲಿ ಮುಗಿಸಿದರೆ, ಅಲ್ಲಿ ಉಳಿಸಿದ 12 ಸೆಕೆಂಡಿಗೆ ಕೊನೆಯ ಸುತ್ತುಗಳಲ್ಲಿ ಅದರ ಎರಡು ಮೂರು ಪಟ್ಟು ತೆರಬೇಕಾಗುತ್ತದೆ. ಆದ್ದರಿಂದ ವಾರದಲ್ಲಿ ಒಂದು ದಿನ 400 ಮೀಟರ್‌ನ ಓಟಗಳನ್ನು ನಡುವೆ ವಿರಾಮ ಕೊಟ್ಟು ಓಡಿಸಿರಿ. ಪ್ರತಿ ಓಟ ಮುಗಿದ ಕೂಡಲೇ ಎಷ್ಟು ಸೆಕೆಂಡು ಆಗಿರಬಹುದು ಎಂದು ಮೊದಲು ಅವಳು ಹೇಳಬೇಕು, ಆಮೇಲೆ ನೀವು ಗಡಿಯಾರ ತೋರಿಸಬೇಕು. ಕೆಲವು ವಾರಗಳಲ್ಲಿ ಅವಳ ಊಹೆಗೂ ಗಡಿಯಾರಕ್ಕೂ ಇರುವ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಹಾಗೆ ಬಂದಾಗ ಅವಳಲ್ಲಿ ಹುಟ್ಟುವ ಆತ್ಮವಿಶ್ವಾಸ ಹೊಗಳಿಕೆಯಿಂದ ಬಂದದ್ದಲ್ಲ, ಅದು ಅವಳ ಕಾಲುಗಳಿಗೇ ಗೊತ್ತಿರುವಂಥದ್ದು.

ಇನ್ನೊಂದು ಅಭ್ಯಾಸವನ್ನು ನಾನು ತಪ್ಪದೆ ಮಾಡಿಸುತ್ತೇನೆ. ಅವಳಿಗಿಂತ ವೇಗವಾಗಿ ಓಡುವ ಇಬ್ಬರು ಮೂವರು ಹುಡುಗರನ್ನು ಅವಳ ಜೊತೆ ನಿಲ್ಲಿಸಿ, ಸೀಟಿ ಊದಿದ ಕೂಡಲೇ ಜೋರಾಗಿ ಮುಂದೆ ಹೋಗಲು ಅವರಿಗೆ ಮೊದಲೇ ಹೇಳಿಡಿರಿ. ಅವರ ಹಿಂದೆ ಓಡದೆ ಸುತ್ತಿಗೆ 48 ಸೆಕೆಂಡಿನ ತನ್ನ ವೇಗವನ್ನೇ ಕಾಯ್ದುಕೊಳ್ಳುವುದೇ ಅವಳ ಆ ದಿನದ ಪರೀಕ್ಷೆ. ಉಳಿದ ಮಕ್ಕಳು ಸುತ್ತ ನಿಂತು ಕೂಗಲಿ. ಎದೆಗೆ ನಂಬರ್ ಕಟ್ಟಿಸಿರಿ. ಓಟ ಹತ್ತು ಗಂಟೆಗೆ ಎಂದು ಹೇಳಿ ಹನ್ನೊಂದಕ್ಕೆ ಆರಂಭಿಸಿರಿ, ಏಕೆಂದರೆ ಕೂಟಗಳಲ್ಲಿ ನಡೆಯುವುದೇ ಹಾಗೆ. ಸಾಧ್ಯವಾದರೆ ಕೂಟಕ್ಕೆ ಮೊದಲು ಒಂದೆರಡು ಸಲವಾದರೂ 400 ಮೀಟರ್‌ನ ಟ್ರ್ಯಾಕ್ ಇರುವ ಕಡೆ ಕರೆದುಕೊಂಡು ಹೋಗಿ ಓಡಿಸಿರಿ. ಓಡುವಾಗ ಮನಸ್ಸಿನಲ್ಲಿ ಹೇಳಿಕೊಳ್ಳಲು ಅವಳ ಮನೆಮಾತಿನದೇ ಒಂದು ಶಬ್ದ ಇರಲಿ. ನನ್ನ ಒಬ್ಬ ಶಿಷ್ಯೆ ಮೊದಲ ಮೂರು ಸುತ್ತು ‘ಸಾವಕಾಶ, ಸಾವಕಾಶ’ ಎಂದುಕೊಳ್ಳುತ್ತಾಳೆ, ಐದನೆಯ ಸುತ್ತಿನಿಂದ ‘ಹೊಂಟೆ’ ಎನ್ನುತ್ತಾಳೆ.

ಉತ್ತರ 2: ಕುಸ್ತಿ ವಸ್ತಾದ, ಬೆಳಗಾವಿ

ಗುರುಗಳಿಗೆ ನಮಸ್ಕಾರ. ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಒಂದು ಮಾತನ್ನು ಬಲವಾಗಿ ಹೇಳಬೇಕಾಗಿದೆ. ಇತ್ತೀಚೆಗೆ ಮಕ್ಕಳಿಗೆ ಸೋಲಿನ ರುಚಿಯೇ ಸಿಗದಂತೆ ಬೆಳೆಸುವ ಪದ್ಧತಿ ಹೆಚ್ಚುತ್ತಿದೆ. ನಿಮ್ಮ ಹುಡುಗಿ ತಾಲ್ಲೂಕು ಮತ್ತು ಜಿಲ್ಲೆಯಲ್ಲಿ ಸಲೀಸಾಗಿ ಗೆಲ್ಲುತ್ತಾಳೆ ಎಂದರೆ ವರ್ಷಕ್ಕೆ ಒಂದೇ ದಿನ, ಅದೂ ಅತ್ಯಂತ ದೊಡ್ಡ ದಿನ, ತನಗಿಂತ ಬಲಶಾಲಿಗಳನ್ನು ಎದುರಿಸುತ್ತಾಳೆ ಎಂದರ್ಥ. ತಾಲೀಮಿನಲ್ಲಿ ಹಾಗಿರುವುದಿಲ್ಲ. ಇಲ್ಲಿ ಹನ್ನೆರಡು ವರ್ಷದ ಹುಡುಗನೂ ಪ್ರತಿದಿನ ಯಾರದೋ ಕೈಯಲ್ಲಿ ಚಿತ್ ಆಗುತ್ತಾನೆ, ಮಣ್ಣು ಕೊಡವಿಕೊಂಡು ಎದ್ದು ಮತ್ತೆ ಅದೇ ಜೋಡಿಗೆ ಕೈ ಕೊಡುತ್ತಾನೆ. ಬೀಳುವುದು ನಿತ್ಯದ ಕೆಲಸವಾದ ಮೇಲೆ ಜಾತ್ರೆಯ ಕಣದಲ್ಲಿ ಸಾವಿರಾರು ಜನರ ಎದುರು ಬೀಳುವ ಭಯ ತಾನಾಗಿಯೇ ತಗ್ಗುತ್ತದೆ.

ಇಲ್ಲಿ ವಸ್ತಾದನ ಜಾಣ್ಮೆ ಇರುವುದು ಜೋಡಿ ಕಟ್ಟುವುದರಲ್ಲಿ. ತೀರಾ ಮೇಲಿನವನ ಜೊತೆ ಬಿಟ್ಟರೆ ಹುಡುಗ ಪಟ್ಟು ಹಾಕುವುದನ್ನೇ ಮರೆತು ಬರೀ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾನೆ, ತೀರಾ ಕೆಳಗಿನವನಾದರೆ ಸೊಕ್ಕು ಕಲಿಯುತ್ತಾನೆ. ತನಗಿಂತ ಸ್ವಲ್ಪವೇ ಮೇಲಿರುವ, ನಾಲ್ಕು ಹಿಡಿತದಲ್ಲಿ ಒಂದನ್ನಾದರೂ ಗೆಲ್ಲಬಹುದಾದ ಜೋಡಿ ಬೇಕು. ನಿಮ್ಮ ವಿದ್ಯಾರ್ಥಿನಿಗೂ ವರ್ಷದಲ್ಲಿ ಹಲವು ಸಲ ಅಂಥ ಜೋಡಿ ಸಿಗುವಂತೆ ಮಾಡಿರಿ. ರಬಕವಿ-ಬನಹಟ್ಟಿ, ಮುಧೋಳ, ಅಥಣಿ ಕಡೆಯ ಶಾಲೆಗಳ ಶಿಕ್ಷಕರ ಜೊತೆ ಮಾತನಾಡಿಕೊಂಡು ಪ್ರಮಾಣಪತ್ರವಿಲ್ಲದ, ಬಹುಮಾನವಿಲ್ಲದ ಓಟಗಳನ್ನು ನಡೆಸಬಹುದು.

ಕಠಿಣ ತಾಲೀಮಿಗೂ ಅವಮಾನಕ್ಕೂ ಸಂಬಂಧವಿಲ್ಲ ಎಂಬುದನ್ನು ಅವಳ ತಂದೆಯವರಿಗೂ ತಿಳಿಸಿರಿ. ದಂಡ, ಬೈಠಕ್, ಹಗ್ಗ ಹತ್ತುವುದು, ಇವೆಲ್ಲವನ್ನೂ ನಸುಕಿನಲ್ಲೇ ಮಾಡಿಸುತ್ತೇವೆ, ಬಿಗಿಯಾಗಿಯೇ ಮಾಡಿಸುತ್ತೇವೆ. ಆದರೆ ಸೋತು ಬಂದ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುವವನನ್ನು ನಾನು ವಸ್ತಾದ ಎನ್ನುವುದಿಲ್ಲ. ಬೈಗುಳ ತಿಂದ ಹುಡುಗ ಮುಂದಿನ ಕುಸ್ತಿಯಲ್ಲಿ ಎದುರಾಳಿಯನ್ನು ನೋಡುವ ಬದಲು ವಸ್ತಾದನ ಮುಖ ನೋಡುತ್ತಾನೆ. ತೂಕದ ಗುಂಪಿಗೆ ಇಳಿಯಲು ಬೆಳೆಯುವ ಮಕ್ಕಳಿಗೆ ನೀರು ಬಿಡಿಸುವುದು, ಉಪವಾಸ ಮಾಡಿಸುವುದು, ಇದನ್ನೂ ಗಟ್ಟಿತನ ಎಂದು ಕೆಲವರು ಹೆಮ್ಮೆಪಡುತ್ತಾರೆ. ಅದು ಮಕ್ಕಳ ದೇಹಕ್ಕೆ ಬಗೆಯುವ ದ್ರೋಹ. ಅದನ್ನು ಎಲ್ಲಿ ಕಂಡರೂ ವಿರೋಧಿಸುತ್ತೇನೆ.

ಉತ್ತರ 3: ಆಪ್ತಸಮಾಲೋಚಕಿ, ಬೆಳಗಾವಿ

ಮಾನ್ಯ ಶಿಕ್ಷಕರೇ, ಮೊದಲು ಅವಳ ತಣ್ಣನೆಯ ಕೈಗಳ ಬಗ್ಗೆ ಬರೆಯುತ್ತೇನೆ. ಮುಂದೆ ದೊಡ್ಡ ಕೆಲಸವಿದೆ ಎಂದು ಮೆದುಳಿಗೆ ಅನಿಸಿದಾಗ ಅಡ್ರಿನಲಿನ್ ಹೆಚ್ಚುತ್ತದೆ, ಹೃದಯದ ಬಡಿತ ಏರುತ್ತದೆ, ಚರ್ಮ ಮತ್ತು ಜೀರ್ಣಾಂಗಗಳ ಕಡೆಗಿನ ರಕ್ತ ಕಡಿಮೆಯಾಗಿ ದೊಡ್ಡ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಕೈ ತಣ್ಣಗಾಗುವುದು, ಹೊಟ್ಟೆ ತೊಳಸುವುದು ಇದರಿಂದಲೇ. ಗೆಲ್ಲುವ ಓಟಗಾರ್ತಿಗೂ ಹೀಗೆಯೇ ಆಗುತ್ತದೆ. ಈ ಲಕ್ಷಣಗಳನ್ನು ‘ನನಗೆ ಏನೋ ಆಗುತ್ತಿದೆ, ನಾನು ಸೋಲುತ್ತೇನೆ’ ಎಂದು ಓದಿಕೊಳ್ಳುವ ಮಗು ಇನ್ನಷ್ಟು ಹೆದರುತ್ತದೆ. ‘ನನ್ನ ದೇಹ ಓಟಕ್ಕೆ ಸಿದ್ಧವಾಗುತ್ತಿದೆ’ ಎಂದು ತಿಳಿದ ಮಗು ಅದೇ ಬಡಿತವನ್ನು ಹೊತ್ತುಕೊಂಡೇ ಓಡಬಲ್ಲದು. ಇದನ್ನು ಕೂಟದ ದಿನ ಬೆಳಿಗ್ಗೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಮೈದಾನದಲ್ಲಿ ಯಾವ ಆತುರವೂ ಇಲ್ಲದ ಒಂದು ಸಂಜೆ ಕುಳಿತು ವಿವರಿಸಬೇಕು.

ಉಸಿರಾಟದ ಅಭ್ಯಾಸ ಸರಳವಾದದ್ದು: ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಬಿಡುವ ಉಸಿರು ದೀರ್ಘವಾದಾಗ ಹೃದಯದ ಬಡಿತ ತುಸು ಇಳಿಯುತ್ತದೆ. ಇದನ್ನು ಪ್ರತಿದಿನದ ಅಭ್ಯಾಸದ ಕೊನೆಗೆ ಮೂರು ನಾಲ್ಕು ನಿಮಿಷ ಮಾಡಿಸಿದ್ದರೆ ಮಾತ್ರ ಓಟದ ಗೆರೆಯ ಬಳಿ ಕೈಹಿಡಿಯುತ್ತದೆ. ನಿದ್ದೆಯ ವಿಷಯದಲ್ಲಿ, 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ವಾರವಿಡೀ ಚೆನ್ನಾಗಿ ಮಲಗಿದ್ದರೆ ಓಟದ ಹಿಂದಿನ ಒಂದು ರಾತ್ರಿ ನಿದ್ದೆ ಕೆಟ್ಟ ಮಾತ್ರಕ್ಕೆ ಓಟ ಕೆಡಬೇಕೆಂದಿಲ್ಲ ಎಂದು ಅವಳಿಗೆ ತಿಳಿಸಿರಿ. ‘ನಿದ್ದೆ ಬರಲಿಲ್ಲ, ನಾಳೆ ಮುಗಿಯಿತು’ ಎಂಬ ಯೋಚನೆಯೇ ಅನೇಕ ಸಲ ನಿದ್ದೆಗೇಡಿಗಿಂತ ಹೆಚ್ಚು ಕೆಡಿಸುತ್ತದೆ.

ಆದರೆ ಇದೆಲ್ಲಕ್ಕಿಂತ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿರಿ ಎಂದು ಒತ್ತಾಯದಿಂದ ಕೇಳಿಕೊಳ್ಳುತ್ತೇನೆ. ಓಟದ ಮಧ್ಯದಲ್ಲಿ ಉಸಿರು ಸಾಲದಾಗುವ ಹದಿಹರೆಯದ ಹುಡುಗಿಗೆ ಮನೋಬಲವಿಲ್ಲ ಎನ್ನುವ ಮುನ್ನ ರಕ್ತಹೀನತೆ ಇದೆಯೇ ಎಂದು ನೋಡುವುದು ನಮ್ಮ ಕರ್ತವ್ಯ. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಪ್ರಮಾಣ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನಿಜವಾಗಿ ನುಂಗುತ್ತಿದ್ದಾಳೆಯೇ, ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯಿದೆಯೇ ಎಂದು ವಿಚಾರಿಸಿರಿ. ಊಟದ ಜೊತೆಗಿನ ಚಹಾ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂಬುದನ್ನು ಶಿಕ್ಷಕಿಯೊಬ್ಬರ ಮೂಲಕ ಕೇಳಿಸಿರಿ. ಹೆಚ್ಚು ಓಡಿ ಕಡಿಮೆ ಉಣ್ಣುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದುಂಟು, ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ.

ಕೂಟ ಮುಗಿದು ವಾರಗಳು ಕಳೆದರೂ ನಿದ್ದೆಯಿಲ್ಲದಿರುವುದು, ಊಟ ಬಿಡುವುದು, ಗೆಳತಿಯರಿಂದ ದೂರವಾಗುವುದು, ಬದುಕೇ ಬೇಡ ಎಂಬ ಮಾತು ಬರುವುದು, ಇವು ಕಂಡರೆ ಓಟದ ಮಾತನ್ನು ಬದಿಗಿಟ್ಟು ಸಹಾಯ ಪಡೆಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಿಲ್ಲಿಸುವುದು ದೌರ್ಬಲ್ಯ ಎಂದು ಯಾರಾದರೂ ವಾದಿಸಿದರೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ಹೆಸರು ಹೇಳಿರಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತಿರುಗುವಾಗ ದಿಕ್ಕಿನ ಅರಿವು ತಪ್ಪುತ್ತಿದೆ ಎಂದು ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದ ಅವರು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು.

ಉತ್ತರ 4: ಸೈಕ್ಲಿಂಗ್ ಕಲಿಯುತ್ತಿರುವ ಹುಡುಗಿಯ ತಾಯಿ, ವಿಜಯಪುರ

ನಾನು ತಾಯಿಯಾಗಿ ಒಂದೇ ವಿಷಯ ಬರೆಯುತ್ತೇನೆ. ಕೂಟ ಮುಗಿಸಿದ ಮಗಳು ಫೋನ್ ಮಾಡಿದಾಗ ಮನೆಯಿಂದ ಕೇಳುವ ಮೊದಲ ಪ್ರಶ್ನೆ ‘ಎಷ್ಟನೇ ನಂಬರ್ ಬಂತು’ ಎಂದಾದರೆ, ಮುಂದಿನ ಕೂಟಕ್ಕೆ ಅವಳು ಆ ಪ್ರಶ್ನೆಯನ್ನೂ ಹೆಗಲ ಮೇಲೆ ಹೊತ್ತುಕೊಂಡೇ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಮೊದಲು ಊಟ ಆಯಿತೇ ಎಂದು ಕೇಳುತ್ತೇವೆ, ಓಟದ ಮಾತನ್ನು ಅವಳೇ ತೆಗೆಯುವವರೆಗೆ ಕಾಯುತ್ತೇವೆ. ಅಪ್ಪನಿಗೆ ಇದು ಕಷ್ಟ, ಏಕೆಂದರೆ ಊರವರೆಲ್ಲ ಅವರನ್ನು ಕೇಳುತ್ತಾರೆ. ಆದ್ದರಿಂದ ಗುರುಗಳು ತಂದೆಯವರ ಜೊತೆ ಬೇರೆಯಾಗಿ, ಗೌರವದಿಂದ, ಅವರ ಮನೆಗೇ ಹೋಗಿ ಮಾತನಾಡಬೇಕು.

ನಮ್ಮ ವಿಜಯಪುರದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ ಅವರ ಕಥೆಯನ್ನು ಮಗಳಿಗೆ ಆಗಾಗ ಹೇಳುತ್ತಿರುತ್ತೇನೆ. 2017ರ ಮಹಿಳಾ ವಿಶ್ವಕಪ್‌ನ ಮೊದಲ ಪಂದ್ಯಗಳಲ್ಲಿ ಅವರಿಗೆ ಆಡುವ ಅವಕಾಶ ಸಿಗಲಿಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಗೆದ್ದರೆ ಮಾತ್ರ ಸೆಮಿಫೈನಲ್ ಎಂಬ ಪಂದ್ಯದಲ್ಲಿ ಕಣಕ್ಕಿಳಿದು 15 ರನ್ನಿಗೆ 5 ವಿಕೆಟ್ ಪಡೆದರು, ಎದುರಾಳಿ ತಂಡ 79ಕ್ಕೆ ಮುಗಿಯಿತು. ಹೊರಗೆ ಕುಳಿತ ದಿನಗಳಲ್ಲಿಯೂ ಅಭ್ಯಾಸ ಬಿಡದವರಿಗೆ ಮಾತ್ರ ಅಂಥ ದಿನ ಸಿದ್ಧವಾಗಿ ನಿಲ್ಲಲು ಸಾಧ್ಯ ಎಂದು ನಾನು ನಂಬುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋಮವಾರವೇ ಶಿಕ್ಷಕಿಯೊಬ್ಬರ ಜೊತೆ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಕಳುಹಿಸುತ್ತೇನೆ, ಮುಧೋಳದ ಶಿಕ್ಷಕ ಮಿತ್ರರ ಜೊತೆ ಜಂಟಿ ಓಟದ ಮಾತನ್ನೂ ಆಡಿದ್ದೇನೆ. ವಿಜಯಪುರದ ತರಬೇತುದಾರರಿಗೆ ಒಂದು ಪ್ರಶ್ನೆ: ಕೂಟಕ್ಕೆ ಬರುವ ಉಳಿದ ಜಿಲ್ಲೆಗಳ ಹುಡುಗಿಯರ ಸಮಯಗಳನ್ನು ಅವಳಿಗೆ ಮೊದಲೇ ತಿಳಿಸಬೇಕೇ?

ಉತ್ತರ 1ರ ತರಬೇತುದಾರ

ಅವಳೇ ಕೇಳಿದರೆ ಮುಚ್ಚಿಡಬೇಡಿರಿ, ಸುಳ್ಳನ್ನಂತೂ ಹೇಳಲೇಬೇಡಿರಿ. ಕೇಳದಿದ್ದರೆ ತಿಳಿಸುವ ಅಗತ್ಯವಿಲ್ಲ, ಏಕೆಂದರೆ ಉಳಿದವರ ಸಮಯ ಅವಳ ಕೈಯಲ್ಲಿಲ್ಲ. ಈ ಸಲ ಅವಳಿಗೆ ಒಂದೇ ಗುರಿ ಕೊಡಿರಿ: ಮೊದಲ ಸುತ್ತು 94ರಿಂದ 98 ಸೆಕೆಂಡಿನ ಒಳಗೆ. ನೀವು ಟ್ರ್ಯಾಕ್‌ನ ಹೊರಗೆ ಮೊದಲ ಸುತ್ತು ಮುಗಿಯುವ ಕಡೆ ನಿಂತು ಸಮಯವನ್ನು ಕೂಗಿ ಹೇಳಲು ಅನುಮತಿ ಇದೆಯೇ ಎಂದು ಕೂಟದ ಅಧಿಕಾರಿಗಳನ್ನು ಮೊದಲೇ ಕೇಳಿಕೊಳ್ಳಿರಿ. ಇಲ್ಲದಿದ್ದರೆ ಆ ಸುತ್ತನ್ನು ಅವಳು ಅಂದಾಜಿನಿಂದಲೇ ಓಡಬೇಕಾಗುತ್ತದೆ, ಅದಕ್ಕೆ ಈಗಿನಿಂದಲೇ ಗಡಿಯಾರ ನೋಡದೆ ಓಡುವ ಅಭ್ಯಾಸವನ್ನು ಹೆಚ್ಚಿಸಿರಿ.