ಹನಿ ನೀರಾವರಿಯ ಪೋಸ್ಟರ್: ಮನೆಯವರ ಗುಂಪಿನಲ್ಲಿ ನಡೆದ ತಕರಾರು

ವಿನಯ: (ಹಂಚಿಕೊಂಡ ಚಿತ್ರ: “ನೀರು ಹಾಯಿಸಿದರೆ ದಕ್ಷತೆ ಶೇ 60, ತುಂತುರಿನಲ್ಲಿ ಶೇ 75, ಹನಿಯಲ್ಲಿ ಶೇ 90. ಎಲ್ಲರೂ ಹನಿಗೆ ಬದಲಾದರೆ ನೀರಿನ ಕೊರತೆಯೇ ಇರದು!”)
ಎಲ್ಲರೂ ಒಮ್ಮೆ ಓದಿ. ಜಗತ್ತಿನಾದ್ಯಂತ ನದಿ, ಕೆರೆ, ಬಾವಿಗಳಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ 70ರಷ್ಟು ಕೃಷಿಗೇ ಹೋಗುತ್ತಿದೆ. ಹೀಗಿರುವಾಗ ಇಷ್ಟು ಸರಳವಾದ ಪರಿಹಾರವನ್ನು ಎಲ್ಲೆಡೆ ಏಕೆ ಕಡ್ಡಾಯ ಮಾಡುತ್ತಿಲ್ಲವೆಂಬುದು ನನಗೆ ಅರ್ಥವಾಗುತ್ತಿಲ್ಲ.

ದೊಡ್ಡಪ್ಪ: ವಿನಯ, ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ, ನೀರಾವರಿಯ ಪಠ್ಯಗಳಲ್ಲಿಯೂ ಹೆಚ್ಚುಕಡಿಮೆ ಇವೇ ಇವೆ. ಕೊನೆಯ ಸಾಲನ್ನು ಮಾತ್ರ ಒಪ್ಪಲಾರೆ. ದಕ್ಷತೆ ಶೇ 60 ಎಂದರೆ, ಹೊಲಕ್ಕೆ ಬಿಟ್ಟ ನೀರಿನಲ್ಲಿ ಅಷ್ಟು ಪಾಲು ಬೇರಿಗೆ ದಕ್ಕಿತು ಎಂದಷ್ಟೇ ಅರ್ಥ. ಮಿಕ್ಕ 40 ಪಾಲು ಎಲ್ಲಿಗೆ ಹೋಯಿತೆಂದು ಪೋಸ್ಟರ್ ಬರೆದವರು ಕೇಳಿಕೊಂಡೇ ಇಲ್ಲ. ಅದರಲ್ಲಿ ಸ್ವಲ್ಪ ಆವಿಯಾಗಿ ನಿಜವಾಗಿಯೂ ಕೈತಪ್ಪಿರುತ್ತದೆ. ಆದರೆ ಉಳಿದದ್ದು ಇಂಗಿ ಅಂತರ್ಜಲವನ್ನು ಸೇರಿರಬಹುದು, ಇಲ್ಲವೇ ಬಸಿಗಾಲುವೆ ಹಿಡಿದು ಕೆಳಗಿನ ಜಮೀನಿಗೆ ಹರಿದಿರಬಹುದು. ನಮ್ಮ ಲೆಕ್ಕದಲ್ಲಿ ಖರ್ಚೆಂದು ಬರೆದದ್ದು ಕೆಳಗಿನವನ ಲೆಕ್ಕದಲ್ಲಿ ಜಮೆಯಾಗಿರುತ್ತದೆ.

ವಿನಯ: ಹಾಗಾದರೆ ನೀರನ್ನು ಮೊದಲಿನಂತೆಯೇ ಹರಿಯಬಿಡುವುದು ಒಳ್ಳೆಯದೆನ್ನುತ್ತೀರಾ ದೊಡ್ಡಪ್ಪ?

ದೊಡ್ಡಪ್ಪ: ಹಾಗೆಂದು ನಾನೆಲ್ಲಿ ಹೇಳಿದೆ? ಹೊಲದಲ್ಲಿ ಉಳಿಸಿದ ನೀರು ತಾನಾಗಿಯೇ ನೆಲದಡಿಯಲ್ಲಿ ಉಳಿಯುವುದಿಲ್ಲ ಎಂದಷ್ಟೇ ನನ್ನ ಮಾತು. ಕಲ್ಲಿದ್ದಲನ್ನು ಮಿತವಾಗಿ ಉರಿಸುವ ಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯುವುದಿಲ್ಲ, ಏರುತ್ತದೆ ಎಂದು ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲಿಯೇ ಬರೆದ. ನೀರಿನಲ್ಲಿಯೂ ಅದನ್ನೇ ಕಂಡಿದ್ದಾರೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ, ಒಗಲಾಲ ಎಂಬ ಭಾರೀ ಅಂತರ್ಜಲ ಪದರದ ಮೇಲೆ ಬೇಸಾಯ ಮಾಡುವವರಿಗೆ ಸಹಾಯಧನ ಕೊಟ್ಟು, ನೀರು ಪೋಲಾಗದಂತೆ ಬೆಳೆಯ ಸನಿಹಕ್ಕೇ ಇಳಿದು ಸಿಂಪಡಿಸುವ ನಳಿಕೆಗಳನ್ನು ಹಾಕಿಸಿದರು. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದು, ಎತ್ತುವ ನೀರು ಕಡಿಮೆಯಾಗುವ ಬದಲು ಹೆಚ್ಚಾದದ್ದು. ಹೆಚ್ಚು ನೀರು ಬೇಡುವ ಬೆಳೆಗಳ ಕಡೆಗೆ ರೈತರು ವಾಲಿದ್ದು ಅದಕ್ಕೊಂದು ಕಾರಣ. ಅವರನ್ನು ದೂರುವಂತಿಲ್ಲ, ಕೈಯಲ್ಲಿ ನೀರು ಮಿಕ್ಕಿದರೆ ಯಾರಾದರೂ ಹಾಗೆಯೇ ಮಾಡುತ್ತಾರೆ. ಅದೂ ಅಲ್ಲದೆ, ಹನಿಯಲ್ಲಿ ಬೆಳೆ ಹುಲುಸಾಗಿ ಬಂದಷ್ಟೂ ಎಲೆಗಳು ಬಿಡುವ ಆವಿ ಹೆಚ್ಚುತ್ತದೆ, ಆ ನೀರು ಮಾತ್ರ ಯಾವ ಬಾವಿಗೂ ಹಿಂತಿರುಗುವುದಿಲ್ಲ.

ಶಾರದಕ್ಕ: ದೊಡ್ಡಪ್ಪ, ಇಂಗಿದ ನೀರೆಲ್ಲ ಜಮೆಯಾಗುತ್ತದೆ ಎಂಬಂತೆ ಬರೆದಿದ್ದೀರಿ, ನನಗೆ ಅದು ಒಪ್ಪಿಗೆಯಿಲ್ಲ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು 10,000 ಲೀಟರ್. ಬೆಳೆಗೆ ಬೇಕಾದದ್ದಕ್ಕಿಂತ ಬರೀ 20 ಮಿಲಿಮೀಟರ್ ಹೆಚ್ಚು ಬಿಟ್ಟರೂ 2 ಲಕ್ಷ ಲೀಟರ್ ನೀರನ್ನು ಆಳದಿಂದ ಎತ್ತಿ, ಮತ್ತೆ ಆಳಕ್ಕೇ ಕಳುಹಿಸಿದ ಹಾಗಾಯಿತು. ಎತ್ತಲು ಸುರಿದ ವಿದ್ಯುತ್ತನ್ನು ಯಾವ ಬಾವಿಯೂ ಹಿಂದಕ್ಕೆ ಕೊಡುವುದಿಲ್ಲ. ಇಳಿಯುವಾಗ ಆ ನೀರು ಬರಿಗೈಯಲ್ಲಿಯೂ ಇಳಿಯುವುದಿಲ್ಲ, ಹಾಕಿದ ಯೂರಿಯಾದ ನೈಟ್ರೇಟನ್ನು ಜೊತೆಗೆ ಒಯ್ಯುತ್ತದೆ. ಕೆಳಗೆ ಉಪ್ಪು ನೀರಿನ ಪದರವಿದ್ದಲ್ಲಿ ಇಂಗಿದ್ದೆಲ್ಲ ಉಪ್ಪಾಗುತ್ತದೆ. ಅಂಥ ಕಡೆ ಪೋಸ್ಟರಿನ ಲೆಕ್ಕವೇ ಸರಿ.

ದೊಡ್ಡಪ್ಪ: ಉಪ್ಪು ನೀರಿನ ಮಾತು ಒಪ್ಪಿದೆ. ಸಮುದ್ರಕ್ಕೆ ತೀರ ಹತ್ತಿರವಿರುವ ಜಮೀನಿಗೂ ಅದೇ ಲೆಕ್ಕ. ಅಲ್ಲಿಂದ ಹರಿದು ಹೋದದ್ದನ್ನು ಬಳಸಲು ಮುಂದೆ ಯಾರೂ ಇರುವುದಿಲ್ಲ. ಹಾಗೆಯೇ ಮಣ್ಣಿನಲ್ಲಿ ಉಪ್ಪು ಸೇರಿಕೊಂಡಿದ್ದರೆ ಅದನ್ನು ಬೇರಿನಿಂದ ಕೆಳಗೆ ತೊಳೆಯಲು ಬೇಕೆಂದೇ ಸ್ವಲ್ಪ ಹೆಚ್ಚು ನೀರು ಬಿಡಬೇಕಾಗುತ್ತದೆ ಎಂಬುದನ್ನೂ ನೆನಪಿಡು.

ರಘು ಭಾವ: ಪೈಪಿನ ಚರ್ಚೆಯ ನಡುವೆ ಭತ್ತವನ್ನು ಎಲ್ಲರೂ ಮರೆತಿದ್ದೀರಿ. ಅದಕ್ಕೆ ಪೈಪಿನ ಜಾಲವೇ ಬೇಕೆಂದಿಲ್ಲ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ವಿಧಾನದಲ್ಲಿ ತೂತುಗಳಿರುವ ಕೊಳವೆಯ ತುಂಡೊಂದನ್ನು ಗದ್ದೆಯಲ್ಲಿ ಹೂಳುತ್ತಾರೆ. ಅದರೊಳಗೆ ನೀರಿನ ಮಟ್ಟ ಮಣ್ಣಿನಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆಯೇ ಮತ್ತೆ ಸುಮಾರು 5 ಸೆಂಟಿಮೀಟರ್ ನಿಲ್ಲುವಂತೆ ನೀರು ಕಟ್ಟುತ್ತಾರೆ. ಹೂವಾಡುವ ಹೊತ್ತಿನಲ್ಲಿ ಮಾತ್ರ ಗದ್ದೆಯನ್ನು ಒಣಗಲು ಬಿಡುವಂತಿಲ್ಲ. ಇಳುವರಿ ಕುಂದದೆ ಶೇ 30ರವರೆಗೂ ನೀರು ಉಳಿಯುತ್ತದೆ, ಮೀಥೇನ್ ಹೊಮ್ಮುವುದೂ ಬಹಳ ಕಡಿಮೆಯಾಗುತ್ತದೆ.

ವಿನಯ: ಭಾವ, ಭತ್ತವನ್ನು ಪಕ್ಕಕ್ಕಿಡೋಣ. ಮಿಕ್ಕ ಬೆಳೆಗಳಿಗೆ ಹನಿ ಹಾಕಿಸಿದ ಮೇಲೆ ಶೇ 90 ದಕ್ಷತೆ ಸಿಗುವುದು ಖಚಿತ ತಾನೆ?

ಶಾರದಕ್ಕ: ಖಚಿತವೇನಿಲ್ಲ ವಿನಯ. ಭತ್ತದ ಬಗ್ಗೆ ಇವರು ಹೇಳಿದ್ದು ಸರಿ, ಆದರೆ ಹನಿಯ ವಿಷಯದಲ್ಲಿ ನಿಜವಾದ ಪೋಲು ಎಲ್ಲಿದೆಯೆಂದು ಈವರೆಗೆ ಯಾರೂ ಮಾತೆತ್ತಿಲ್ಲ. ಆ 90 ಹೊಸ ಜಾಲದ ಅಂಕಿ. ಫಿಲ್ಟರನ್ನು ತೊಳೆಯದೆ ಬಿಟ್ಟರೆ ಪಾಚಿ, ಕೆಸರು, ಸುಣ್ಣದ ಪೊರೆ ಸೇರಿ ಡ್ರಿಪ್ಪರ್‌ಗಳು ಕಟ್ಟಿಕೊಳ್ಳುತ್ತವೆ. ಆಗ ಕೊನೆಯ ಗಿಡ ಬಾಡುವುದನ್ನು ಕಂಡವರು ಪಂಪನ್ನು ಇನ್ನೂ ಒಂದು ಗಂಟೆ ಹೆಚ್ಚು ಓಡಿಸುತ್ತಾರೆ, ಮೊದಲಿನ ಗಿಡಗಳ ಬುಡದಲ್ಲಿ ನೀರು ಆಳಕ್ಕೆ ಬಸಿದುಹೋಗುತ್ತದೆ. ಇದನ್ನು ತಿಳಿಯಲು ಒಂದು ಲೋಟ, ಒಂದು ಅಳತೆಯ ಬಾಟಲಿ, ಒಂದು ಗಡಿಯಾರ ಸಾಕು. ಗಂಟೆಗೆ 4 ಲೀಟರ್ ಕೊಡುವ ಡ್ರಿಪ್ಪರ್ ಒಂದು ನಿಮಿಷದಲ್ಲಿ ಸುಮಾರು 67 ಮಿಲಿಲೀಟರ್ ಕೊಡಬೇಕು. ಸಾಲಿನ ಮೊದಲು, ನಡು, ಕೊನೆ, ಮೂರೂ ಕಡೆ ಹಿಡಿದು ನೋಡಬೇಕು. ಈ ಬಾರಿ ನಮ್ಮ ಒಂದು ಸಾಲಿನಲ್ಲಿ ಮೊದಲ ತುದಿಗೆ 66 ಬಂತು, ಕೊನೆಗೆ 41.

ದೊಡ್ಡಪ್ಪ: ಅಷ್ಟೊಂದು ವ್ಯತ್ಯಾಸವೇ? ಒತ್ತಡ ಇಳಿದಿತ್ತೋ, ಡ್ರಿಪ್ಪರ್ ಕಟ್ಟಿತ್ತೋ?

ಶಾರದಕ್ಕ: ಕಟ್ಟಿತ್ತು. ಸಾಲಿನ ತುದಿಯ ಮುಚ್ಚಳ ತೆಗೆದು ನೀರು ತಿಳಿಯಾಗುವವರೆಗೆ ಹರಿಸಿದಾಗ ಕಂದು ರಾಡಿ ಬಂತು. ಆಮೇಲೆ ಕೊನೆಗೆ 58 ಆಯಿತು. ಉಳಿದದ್ದು ಸುಣ್ಣದ ಪೊರೆಯಿರಬೇಕು, ಅದಕ್ಕೆ ಆಮ್ಲದ ಉಪಚಾರವೇ ಆಗಬೇಕು.

ವಿನಯ: ಸರಿ, ಪೋಸ್ಟರಿನ ಕೊನೆಯ ಸಾಲನ್ನು ಕೈಬಿಟ್ಟೆ. ಆದರೆ ದೊಡ್ಡಪ್ಪ, ರೈತರು ನೀರು ಉಳಿಸಿಯೂ ಅಂತರ್ಜಲ ಉಳಿಯದಿದ್ದರೆ ಮತ್ತೇನು ಮಾಡಬೇಕೆನ್ನುತ್ತೀರಿ?

ದೊಡ್ಡಪ್ಪ: ಪ್ರತಿ ಪಂಪಿಗೆ ಮೀಟರ್ ಹಾಕಿ, ಒಂದು ಪ್ರದೇಶದಿಂದ ವರ್ಷಕ್ಕೆ ಇಷ್ಟೇ ಎತ್ತಬೇಕೆಂದು ಮಿತಿ ಕಟ್ಟಬೇಕು. ಮಿತಿ ಬಂದರೆ ಹನಿ ನೀರಾವರಿಗೆ ಅರ್ಥ ಬರುತ್ತದೆ. ಅಷ್ಟೇ ನೀರಿನಲ್ಲಿ ಹೆಚ್ಚು ಬೆಳೆಯಲು ಅದು ನೆರವಾಗುತ್ತದೆ.

ರಘು ಭಾವ: ಮೀಟರ್ ಹಾಕಲು ನನ್ನದೇನೂ ಅಡ್ಡಿಯಿಲ್ಲ, ಆದರೆ ಮಿತಿಯನ್ನು ಹಂಚುವವರು ಯಾರು? ಮೊದಲೇ ಆಳಕ್ಕೆ ಕೊರೆಸಿದವನಿಗೆ ಹೆಚ್ಚು ಪಾಲು ಸಿಗುವುದಾದರೆ ನಾನು ಒಪ್ಪುವವನಲ್ಲ.

ದೊಡ್ಡಪ್ಪ: ಅದು ನ್ಯಾಯವಾದ ಆಕ್ಷೇಪ. ಕೊಳವೆಬಾವಿಯ ಆಳವನ್ನು ನೋಡದೆ ಜಮೀನಿನ ವಿಸ್ತೀರ್ಣದ ಮೇಲೆ ಹಂಚಬಹುದು. ಅದರಲ್ಲಿಯೂ ಜಮೀನಿಲ್ಲದವರಿಗೆ ಪಾಲಿಲ್ಲ ಎಂಬ ಕೊರತೆ ಇದ್ದೇ ಇದೆ. ನಿನ್ನ ಲೆಕ್ಕದಲ್ಲಿ ಬೇರೆ ದಾರಿಯಿದ್ದರೆ ಇಲ್ಲಿಯೇ ಬರೆ ರಘು, ನೋಡೋಣ.