ಸಹಾಯ ಬೇಕು: ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಆಂಟೆನಾಗೆ ಟಿವಿ ಚಾನೆಲ್ 7, 11 ಸಿಗ್ತಿಲ್ಲ

ಕಿಟಕಿಗೆ ಅಂಟಿಸಿದ ಚಪ್ಪಟೆ ಆಂಟೆನಾ ವಾಯವ್ಯಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆಗೇ ಇದೆ. ಫಾಕ್ಸ್‌ನ ಕೆಟಿವಿಯು 2, ಸಿಬಿಎಸ್‌ನ ಕೆಪಿಐಎಕ್ಸ್ 5 ಚೊಕ್ಕವಾಗಿ ಬರ್ತವೆ. ಎಬಿಸಿಯ ಕೆಜಿಒ 7, ಎನ್‌ಬಿಸಿಯ ಕೆಎನ್‌ಟಿವಿ 11 ಮಾತ್ರ ಚೌಕಚೌಕವಾಗಿ ಒಡೆದು ನಿಂತುಬಿಡ್ತವೆ. ಪರದೆ ಮೇಲಿನ ನಂಬರ್ ನಂಬೋ ಹಾಗಿಲ್ಲ: 2, 5 ನಿಜವಾಗಿ ಬರೋದು ಯುಎಚ್‌ಎಫ್‌ನಲ್ಲಿ (ಹೆಚ್ಚಿನ ಆವರ್ತನದ ಬ್ಯಾಂಡ್), 7 ಬರೋದು ವಿಎಚ್‌ಎಫ್‌ನ (ಅದಕ್ಕಿಂತ ಕಡಿಮೆ ಆವರ್ತನದ ಬ್ಯಾಂಡ್) 12ನೇ ಚಾನೆಲ್‌ನಲ್ಲಿ, 11 ಬರೋದು 13ರಲ್ಲಿ.

ಟಿವಿಯಲ್ಲಿ ಚಾನೆಲ್ ರೀಸ್ಕ್ಯಾನ್ ಮಾಡಾಯ್ತು. ಆಂಪ್ಲಿಫೈಯರ್ ಹಾಕಿದ್ರೆ ಇನ್ನೂ ಕೆಡ್ತು. ಪಕ್ಕದ ಎಲ್‌ಇಡಿ ಬಲ್ಬ್ ಆರಿಸಿದಾಗ ಮಾತ್ರ 7ರ ಸಿಗ್ನಲ್ ಪಟ್ಟಿ ತುಸು ಏರತ್ತೆ.

ಈಗ ವಿಎಚ್‌ಎಫ್‌ಗೆ ಅಂತ ಒಟ್ಟು 70 ಸೆಂ.ಮೀ. ಉದ್ದದ ಡೈಪೋಲ್ (ಎರಡು ಕಡ್ಡಿಯ ಸರಳ ಆಂಟೆನಾ) ಸೇರಿಸೋ ಯೋಚನೆ. ಗೊಂದಲ ಇಷ್ಟೇ: ಎರಡೂ ಆಂಟೆನಾನ ಮಾಮೂಲಿ ಸ್ಪ್ಲಿಟರ್ (ಒಂದು ಸಿಗ್ನಲ್‌ನ ಎರಡಾಗಿ ಹಂಚೋದು) ತಿರುಗಿಸಿ ಜೋಡಿಸಿದ್ರೆ ಸಾಕಾ, ಇಲ್ಲ ಎರಡು ಬ್ಯಾಂಡ್‌ನೂ ಬೇರೆಬೇರೆ ತಗೊಂಡು ಒಂದೇ ಕೇಬಲ್‌ಗೆ ಸೇರಿಸೋ ಯುಎಚ್‌ಎಫ್-ವಿಎಚ್‌ಎಫ್ ಕಂಬೈನರ್ರೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.