ಯೋಶಿದಾ ಹಿರೋಶಿ ಅವರ ಹಾಯಿದೋಣಿಗಳು: ಎಲ್ಲಕ್ಕೂ ಒಂದೇ ಅಚ್ಚಾ?

ಪ್ರಶ್ನೆ:
ಜಪಾನಿನ ಮರದಚ್ಚು ಕಲಾವಿದ ಯೋಶಿದಾ ಹಿರೋಶಿ ಅವರ 1926ರ ಹಾಯಿದೋಣಿ ಚಿತ್ರಗಳನ್ನು ನಿನ್ನೆ ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಬೆಳಗ್ಗೆ, ಮಂಜು, ಸಂಜೆ, ರಾತ್ರಿ ಅಂತ ಹೊತ್ತು ಬೇರೆ, ದೋಣಿ ಮಾತ್ರ ಅದೇ. ಪ್ರತಿ ಸಲವೂ ಹೊಸದಾಗಿ ಮರ ಕೆತ್ತಿದರಾ? ಅಂಚಿನಲ್ಲಿರುವ ಸಣ್ಣ ಮುದ್ರೆಯನ್ನು 'ಜಿಜುರಿ' ಅನ್ನುತ್ತಾರಂತೆ. ಹಾಗಂದರೆ ಏನು?

ಉತ್ತರ 1:
ಹೊಸ ಕೆತ್ತನೆ ಅಲ್ಲ. ಅವೇ ಅಚ್ಚುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ ಒತ್ತಿದ್ದು. ನಾನೂ ಮನೆಯಲ್ಲಿ ಮರದಚ್ಚು ಮಾಡುತ್ತೇನೆ, ಅದಕ್ಕೇ ಈ ಚಿತ್ರಗಳನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ. ಆಕಾಶ ನೋಡಿ: ಒಂದು ಕಡೆ ಗಾಢ ಬಣ್ಣ, ಇನ್ನೊಂದು ಕಡೆ ಹೋಗ್ತಾ ಹೋಗ್ತಾ ತಿಳಿಯಾಗುತ್ತದೆ. ಇದಕ್ಕೆ ಬೊಕಾಶಿ ಅನ್ನುತ್ತಾರೆ. ಅಚ್ಚಿನ ಮೇಲೆ ಮೊದಲು ನೀರು ಸವರಬೇಕು. ಆಮೇಲೆ ಒಂದು ಅಂಚಿಗೆ ಮಾತ್ರ ಬಣ್ಣ ಇಟ್ಟು ಬ್ರಷ್‌ನಲ್ಲಿ ಎಳೆಯಬೇಕು. ನೀರು ಜಾಸ್ತಿಯಾದರೆ ಬಣ್ಣ ಹರಡುತ್ತದೆ, ಕಮ್ಮಿಯಾದರೆ ಪಟ್ಟೆ ಬೀಳುತ್ತದೆ. ನನ್ನದು ಮೂರೇ ಬಣ್ಣದ ಚಿತ್ರ. ಅದರಲ್ಲೂ ಹತ್ತು ಹಾಳೆ ಒತ್ತಿದರೆ ಏಳು ಕೆಡುತ್ತವೆ. ಅವರು ಒಂದೇ ಹಾಳೆಯನ್ನು ಸರಾಸರಿ 30 ಸಲ ಒತ್ತಿಸುತ್ತಿದ್ದರು. ನಿಕ್ಕೋ ಊರಿನ ದೇಗುಲದ ಯೋಮೇಮೋನ್ ಬಾಗಿಲಿನ ಚಿತ್ರಕ್ಕೆ 96 ಸಲ! ಅಷ್ಟು ಸಲವೂ ಹಾಳೆಯ ಮೂಲೆ ಅಚ್ಚಿನ ಗುರುತಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಮುಗೀತು.

ಜಿಜುರಿ ಅಂದರೆ 'ತಾನೇ ಒತ್ತಿದ್ದು'. ಹಾಗಂತ ಎಲ್ಲವನ್ನೂ ಒಬ್ಬರೇ ಮಾಡಿದರು ಅಂತಲ್ಲ. ಕೆತ್ತುವವರು, ಒತ್ತುವವರು ಬೇರೆ ಇದ್ದರು. ಪಕ್ಕದಲ್ಲಿ ನಿಂತು ಬಣ್ಣದ ಹದ ನೋಡಿ, ಸರಿ ಅನ್ನುತ್ತಿದ್ದವರು ಇವರು. ಮೊದಲು ಹಾಗಿರಲಿಲ್ಲ. 1920ರಲ್ಲಿ ಪ್ರಕಾಶಕ ವತನಾಬೆ ಶೋಜಾಬುರೋ ಅವರ ಜೊತೆ ಶುರು ಮಾಡಿದಾಗ ಯೋಶಿದಾಗೆ 44ರ ಆಸುಪಾಸು, ಆಗಲೇ ಹೆಸರಾದ ಚಿತ್ರಕಾರ. 1923ರ ಭೂಕಂಪದ ಬೆಂಕಿಯಲ್ಲಿ ಆ ಅಚ್ಚುಗಳು ಸುಟ್ಟುಹೋದವು. ಅಮೆರಿಕಕ್ಕೆ ಹೋಗಿ ಬಂದು, 1925ರಲ್ಲಿ ಸ್ವಂತ ಅಚ್ಚಿನ ಕಾರ್ಯಾಗಾರ ಇಟ್ಟರು. ಆ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ! ನನಗೆ ಅವರ ಮೇಲೆ ಗೌರವ ಬಂದಿದ್ದೇ ಇಲ್ಲಿ.

ಉತ್ತರ 2:
ಮೇಡಂ ಚೆನ್ನಾಗಿ ಹೇಳಿದ್ದಾರೆ. ಯೋಶಿದಾ ನಮ್ಮ ದೇಶಕ್ಕೂ ಬಂದಿದ್ದರು. 1930-31ರಲ್ಲಿ ಮಗ ತೋಶಿ ಜೊತೆ ಸುತ್ತಾಡಿದರು. ತಾಜ್ ಮಹಲನ್ನು ಬೆಳಗಿನ ಮಂಜಿನಲ್ಲೂ ರಾತ್ರಿಯಲ್ಲೂ ಮಾಡಿದ್ದಾರೆ. ಬನಾರಸ್, ಎಲ್ಲೋರಾ, ಮಧುರೆಯೂ ಇವೆ. ಬೆಟ್ಟದ ಹುಚ್ಚು ಎಷ್ಟಿತ್ತು ಅಂದರೆ, ಎರಡನೇ ಮಗನಿಗೆ ಹೊತಕಾ ಬೆಟ್ಟದ ಹೆಸರನ್ನೇ ಇಟ್ಟರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಇಷ್ಟು ದಿನ ದೋಣಿಯನ್ನೇ ನೋಡುತ್ತಿದ್ದೆ. ಈಗ ಮಂಜು, ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ಆಕಾಶ ನೋಡುತ್ತಿದ್ದೇನೆ. ಮೇಡಂ, ನಿಮ್ಮ ಮೂರು ಬಣ್ಣದ್ದನ್ನೂ ಹಾಕಿ. ಕೆಟ್ಟ ಹಾಳೆಗಳನ್ನೂ.